70ರ ದಶಕದ ಟಿವಿ ಜಾಹೀರಾತು ನೆನಪಿದೆ ಅನ್ನುವವರೇ, ನೀವು ನೋಡಿದ್ದು ಯಾವ ಟಿವಿಯಲ್ಲಿ?

ತಿಪಟೂರು ತೆಂಗು
‘70ರ ದಶಕದ ಮರೆಯಲಾಗದ ಟಿವಿ ಜಾಹೀರಾತುಗಳು’ ಅಂತ ಒಂದು ವಿಡಿಯೋ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಿಮಗೂ ಬಂದಿರಬಹುದು. ನಿರ್ಮಾ ಹುಡುಗಿ ಇದ್ದಾಳೆ, ಸರ್ಫ್ ಲಲಿತಾಜಿ ಇದ್ದಾರೆ, ರಸ್ನಾ ಪಾಪು ಇದೆ, ಕೊನೆಗೆ ಬಜಾಜ್ ಸ್ಕೂಟರ್ ಕೂಡ ಇದೆ. ಇದರಲ್ಲಿ ಒಂದಾದರೂ 70ರ ಟಿವಿಯದ್ದಾ? ‘ಹಮಾರಾ ಬಜಾಜ್’ ಬಂದಿದ್ದು 1989ರಲ್ಲಿ. ಲಲಿತಾಜಿಯನ್ನು ಕರೆತಂದಿದ್ದೇ ನಿರ್ಮಾದ ಓಟ ತಡೆಯೋಕೆ, ಅದೂ 80ರ ದಶಕ. ನಿರ್ಮಾ ಹಾಡು ರೇಡಿಯೋದಲ್ಲಿ 70ರಲ್ಲೇ ಇತ್ತು, ಆದರೆ ಟಿವಿಗೆ ಬಂದಿದ್ದು 1982ರಲ್ಲಿ.

ಅದಿರಲಿ. ಬೆಂಗಳೂರಿಗೆ ದೂರದರ್ಶನ ಬಂದಿದ್ದೇ 1981ರ ನವೆಂಬರ್‌ನಲ್ಲಿ. ನಮ್ಮ ತಿಪಟೂರಿಗೆ ಅದಕ್ಕಿಂತ ಎಷ್ಟೋ ಆಮೇಲೆ. ಆದರೂ ನಮ್ಮ ವಯಸ್ಸಿನವರು ‘ಅಯ್ಯೋ, 70ರಲ್ಲಿ ಟಿವಿ ಮುಂದೆ ಕೂತು ನೋಡ್ತಾ ಇದ್ದೆವಲ್ಲ’ ಅಂತ ಕಣ್ಣೊರೆಸಿಕೊಳ್ಳುತ್ತಾರೆ. ಎಲ್ಲಿ ನೋಡಿದಿರಿ ಸ್ವಾಮಿ? ಇಂಥ ಊರು, ಇಂಥ ಜಾಗ ಅಂತ ಹೇಳಿ. ಸುಮ್ನೆ ‘ಆ ದಿನಗಳೇ ಚೆಂದ’ ಬೇಡ.

ಗಾಂಧಿಬಜಾರ್ ಗಿರಾಕಿ
ನಾನು ನೋಡಿದ್ದು ಥಿಯೇಟರ್‌ನಲ್ಲಿ. ಮೆಜೆಸ್ಟಿಕ್ ಕಡೆ, ಗಾಂಧಿ ಕ್ಲಾಸಿನಲ್ಲಿ ಕೂತು. ಮೊದಲು ಫಿಲ್ಮ್ಸ್ ಡಿವಿಷನ್ ಸುದ್ದಿಚಿತ್ರ, ಎಲ್ಲೋ ಪ್ರವಾಹ, ಯಾವುದೋ ಅಣೆಕಟ್ಟು, ರಿಬ್ಬನ್ ಕತ್ತರಿಸುವ ಮಂತ್ರಿ. ಆಮೇಲೆ ಜಾಹೀರಾತು. ಲೈಫ್‌ಬಾಯ್, ವಿಕೋ ವಜ್ರದಂತಿ. ಲಿರಿಲ್ ಬಂತು ಅಂದರೆ ಅಷ್ಟೊತ್ತು ಗಲಾಟೆ ಮಾಡುತ್ತಿದ್ದ ಹಾಲ್ ಪೂರ್ತಿ ಗಪ್‌ಚುಪ್. ಸೋಪು ಬಂದಿದ್ದು 1975ರಲ್ಲಿ. ಜಲಪಾತದ ಕೆಳಗೆ ಕುಣಿಯುವ ಹುಡುಗಿ ಕ್ಯಾರೆನ್ ಲುನೆಲ್, ಮಾಡಿಸಿದ್ದು ಲಿಂಟಾಸ್ ಅನ್ನೋ ಜಾಹೀರಾತು ಏಜೆನ್ಸಿಯ ಅಲಿಕ್ ಪದಮ್‌ಸೀ, ಜಾಗ ಕೊಡೈಕೆನಾಲ್ ಹತ್ತಿರದ ಜಲಪಾತ. ಸಿನಿಮಾ ಹೆಸರು ಮರೆತಿದ್ದೇನೆ, ಜಾಹೀರಾತು ಮರೆತಿಲ್ಲ. ನನ್ನನ್ನು ಬೈಯಬೇಡಿ, ಆಗ ನನಗೆ ಹದಿನಾರು.

ಕಾವ್ಯ ಎಚ್
ನಮ್ಮಮ್ಮ ಲಿರಿಲ್ ಜಾಹೀರಾತನ್ನು ಟಿವಿಯಲ್ಲೇ ನೋಡಿದೆ ಅಂತ ಆಣೆ ಮಾಡುತ್ತಾರೆ. ಊರು ಹಾಸನ. ಸಾಧ್ಯನಾ?

ಗಾಂಧಿಬಜಾರ್ ಗಿರಾಕಿ
ಖಂಡಿತ ಸಾಧ್ಯ ಮೇಡಂ, ಆದರೆ ಅದು ಬೇರೆ ಹುಡುಗಿ, ಬೇರೆ ಕಾಲ. ಲಿರಿಲ್‌ನವರು ಜಲಪಾತ ಬಿಡಲಿಲ್ಲ, ಹುಡುಗಿಯರನ್ನು ಬದಲಾಯಿಸುತ್ತಾ ಬಂದರು. ಪ್ರೀತಿ ಜಿಂಟಾ ಕೂಡ ಮಾಡಿದ್ದಾರೆ, ಅದು 90ರ ದಶಕ. ಅಮ್ಮನನ್ನು ಒಂದೇ ಪ್ರಶ್ನೆ ಕೇಳಿ: ಬಣ್ಣದಲ್ಲಿ ನೋಡಿದ್ದಾ, ಕಪ್ಪು ಬಿಳುಪಿನಲ್ಲಾ? ದೂರದರ್ಶನಕ್ಕೆ ಬಣ್ಣ ಬಂದಿದ್ದು 1982ರಲ್ಲಿ, ಏಷ್ಯನ್ ಗೇಮ್ಸ್ ವರ್ಷ. 70ರ ಲಿರಿಲ್ ಹಸಿರು ಹಸಿರಾಗಿ ನೆನಪಿದ್ದರೆ ಅದು ಥಿಯೇಟರ್ ನೆನಪು. ಟಿವಿ ಮತ್ತು ಬಣ್ಣ ಎರಡೂ ಸೇರಿ ನೆನಪಿದ್ದರೆ 82ರ ಆಮೇಲಿನದ್ದು. ಈ ಅಳತೆಯಲ್ಲಿ ವಾಟ್ಸಾಪಿನ ಅರ್ಧ ನಾಸ್ಟಾಲ್ಜಿಯಾ ಉದುರಿಹೋಗುತ್ತದೆ.

ಕಾವ್ಯ ಎಚ್
ಕೇಳಿದೆ. ‘ಬಣ್ಣದ್ದೇ, ನಿಮ್ಮಪ್ಪ ಆಗ ತಾನೇ ಸೆಟ್ ತಂದಿದ್ದರು’ ಅಂದರು. ನಾನು ಆಗ ಅಂಗನವಾಡಿಗೆ ಹೋಗುತ್ತಿದ್ದೆನಂತೆ. ಅಂದರೆ 90ರ ಹತ್ತಿರ! ಅಮ್ಮನಿಗೆ ಹೇಳಿಲ್ಲ, ಅಡುಗೆ ಅವರದ್ದು.

ಮಾಟುಂಗಾ ಮಾಣಿ
ನಾನು ನಿಜವಾಗಿ 70ರಲ್ಲೇ ಟಿವಿ ಜಾಹೀರಾತು ನೋಡಿದವನು. ಆದರೆ ಕರ್ನಾಟಕದಲ್ಲಲ್ಲ, ಬೊಂಬಾಯಿಯಲ್ಲಿ. ಕುಂದಾಪುರದ ಹಳ್ಳಿಯಿಂದ ಬಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದೆ, ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಬೊಂಬಾಯಿಗೆ ಟಿವಿ 1972ರ ಅಕ್ಟೋಬರ್ 2ಕ್ಕೆ ಬಂತು. ಮೊದಮೊದಲು ಅದರಲ್ಲಿ ಜಾಹೀರಾತೇ ಇರಲಿಲ್ಲ, ಸರ್ಕಾರದ್ದಲ್ವಾ. 1976ರ ಜನವರಿ 1ರಿಂದ ದುಡ್ಡು ಕೊಟ್ಟವರ ಜಾಹೀರಾತು ಶುರು. ಅಂದರೆ ಇಡೀ ದೇಶದಲ್ಲೇ ‘70ರ ಟಿವಿ ಜಾಹೀರಾತು’ ಅನ್ನೋದಕ್ಕೆ ನಾಲ್ಕೇ ವರ್ಷದ ಆಯುಸ್ಸು. ಅದೂ ಬೊಂಬಾಯಿ, ದಿಲ್ಲಿ, ಮದ್ರಾಸು, ಕಲ್ಕತ್ತಾ ಥರ ಕೆಲವೇ ಊರುಗಳಲ್ಲಿ.

ಧಣಿಗಳ ಮನೆಯಲ್ಲಿ ಸೆಟ್ ಇತ್ತು. ಮರದ ಪೆಟ್ಟಿಗೆ, ಎದುರಿಗೆ ಎಳೆದು ಮುಚ್ಚುವ ಬಾಗಿಲು, ಅದಕ್ಕೊಂದು ಬೀಗ. ಭಾನುವಾರ ಸಂಜೆ ಹಿಂದಿ ಸಿನಿಮಾ. ನಾವು ಹುಡುಗರು ಬಾಗಿಲ ಹತ್ತಿರ, ಚಪ್ಪಲಿ ಪಕ್ಕದಲ್ಲಿ. ತಬಸ್ಸುಮ್ ಸಂದರ್ಶನ ಬರುವ ದಿನ ಅಮ್ಮನವರು ನಮಗೆಲ್ಲ ಬೇಗ ಊಟ ಮುಗಿಸಲು ಹೇಳುತ್ತಿದ್ದರು. ಜಾಹೀರಾತು ಬಂದರೆ ಯಾರೂ ಏಳುತ್ತಿರಲಿಲ್ಲ. ಈಗ ಅದೇ ಹೊತ್ತಿಗೆ ಎದ್ದು ನೀರು ಕುಡಿಯುತ್ತೇವೆ, ಆಗ ಅದೂ ಕಾರ್ಯಕ್ರಮವೇ. ನನಗೆ ಹಿಂದಿ ಬಂದಿದ್ದು ಅರ್ಧ ಗಿರಾಕಿಗಳಿಂದ, ಅರ್ಧ ಆ ಪೆಟ್ಟಿಗೆಯಿಂದ. ಎಲ್ಲಕ್ಕಿಂತ ಜಾಸ್ತಿ ನೋಡಿದ ‘ಕಾರ್ಯಕ್ರಮ’ ಯಾವುದು ಅಂದರೆ ‘ರುಕಾವಟ್ ಕೇ ಲಿಯೇ ಖೇದ್ ಹೈ’, ಅಂದರೆ ‘ಅಡಚಣೆಗೆ ವಿಷಾದ’ ಅನ್ನುವ ಬೋರ್ಡು.

ಲಿಂಗಸುಗೂರು ಮಂದಿ
ತಿಪಟೂರು ಸರ್, ಒಂದು ಮಾತು. ‘ಬೆಂಗಳೂರಿಗೇ 81ರಲ್ಲಿ ಬಂತು, ಇನ್ನು ಬೇರೆ ಊರಿಗೆ ಎಲ್ಲಿ’ ಅನ್ನೋ ಧಾಟಿಯಲ್ಲಿ ಬರೆದಿದ್ದೀರಿ. ಕರ್ನಾಟಕದಲ್ಲಿ ಟಿವಿ ಮೊದಲು ನೋಡಿದವರು ನಾವು, ಹೈದರಾಬಾದ್ ಕರ್ನಾಟಕ ಮತ್ತು ಬಿಜಾಪುರದ ಹಳ್ಳಿ ಮಂದಿ. ಅದೂ 1975ರಲ್ಲಿ.

ಮಲ್ಲೇಶ್ವರ 8ನೇ ಕ್ರಾಸ್
ಹಳ್ಳಿಗೆ ಮೊದಲು, ರಾಜಧಾನಿಗೆ ಆಮೇಲೆ? ಎಲ್ಲಿ ಓದಿದಿರಿ ಇದನ್ನು?

ಲಿಂಗಸುಗೂರು ಮಂದಿ
ಓದಿದ್ದಲ್ಲ ಸರ್, ನೆಲದ ಮೇಲೆ ಕೂತು ನೋಡಿದ್ದು. ಹೆಸರು ‘ಸೈಟ್’. ಅಮೆರಿಕದ ನಾಸಾದವರು ಎಟಿಎಸ್-6 ಅನ್ನೋ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕೆ ಬಳಸಲು ಕೊಟ್ಟಿದ್ದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ. ಇಸ್ರೋದವರು ಆರು ರಾಜ್ಯಗಳಲ್ಲಿ ಸುಮಾರು 2,400 ಹಳ್ಳಿ ಆರಿಸಿ ಟಿವಿ ಇಟ್ಟರು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆ. ಹಿಂದುಳಿದ ಜಿಲ್ಲೆ ಅಂತಲೇ ಆರಿಸಿದ್ದು. ಹಿಂದುಳಿದಿದ್ದಕ್ಕೆ ನಮಗೆ ಸಿಕ್ಕ ಒಂದೇ ಲಾಭ ಇದು ಅಂತ ನಮ್ಮಪ್ಪ ಹೇಳುತ್ತಿದ್ದರು.

ಸಾಲಿಯ ಪಕ್ಕ ಕೋಳಿ ಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ ದೊಡ್ಡ ಛತ್ರಿ, ಆಳಿಗಿಂತ ಎತ್ತರ. ಸೆಟ್ಟಿನ ಬೀಗದ ಕೈ ಮಾಸ್ತರರ ಹತ್ತಿರ. ಸಂಜೆ ಅವರು ಬಂದು ಬಾಗಿಲು ತೆಗೆಯೋ ಹೊತ್ತಿಗೆ ಅಂಗಳ ತುಂಬಿರುತ್ತಿತ್ತು. ಹೆಂಗಸರು ಒಂದು ಕಡೆ, ಗಂಡಸರು ಇನ್ನೊಂದು ಕಡೆ, ಹುಡುಗರು ಎದುರಿಗೆ. ಚಿತ್ರದಲ್ಲಿ ಎಮ್ಮೆ ಬಂದರೆ ಒಬ್ಬ ಮುದುಕ ‘ಇದು ಎಷ್ಟು ಹಾಲು ಕೊಡ್ತದೋ’ ಅಂತ ಜೋರಾಗಿ ಕೇಳುತ್ತಿದ್ದ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುನಡುವೆ ಹಾಡು, ಕುಣಿತ. ಕನ್ನಡದ ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ದಿಲ್ಲಿಯ ಹಿಂದಿ ಸುದ್ದಿ ಶುರುವಾದರೆ ಅರ್ಧ ಜನ ಎದ್ದು ಬೀಡಿ ಸೇದಲು ಹೋಗುತ್ತಿದ್ದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಂದು ವರ್ಷ ಟಿವಿ ನೋಡಿದೆವು, ಒಂದು ಸೋಪಿನ ಜಾಹೀರಾತೂ ಇರಲಿಲ್ಲ. ಹೇನಿಗೆ ಔಷಧಿ ಹೇಳುತ್ತಿದ್ದರು, ಶಾಂಪೂ ಮಾರುತ್ತಿರಲಿಲ್ಲ. 76ರ ಜುಲೈ ಮುಗಿಯಿತು, ಉಪಗ್ರಹ ಹೋಯಿತು, ಛತ್ರಿ ಉಳಿಯಿತು. ಆಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ಟ್ರಾನ್ಸ್‌ಮಿಟರ್ ಹಾಕಿದರು, ಸುತ್ತಲಿನವರಿಗೆ ಮತ್ತೆ ಸಿಕ್ಕಿತು. ನಮ್ಮೂರು ದೂರ, ನಮಗೆ ಸಿಗಲಿಲ್ಲ. ಬೆಂಗಳೂರಿಗೆ ಬಂದಿದ್ದು ಇದೆಲ್ಲ ಆದ ಮೇಲೆ.

ಮಲ್ಲೇಶ್ವರ 8ನೇ ಕ್ರಾಸ್
ಇದು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ ರೀ. ಶಾಲೆಯಲ್ಲೂ ಹೇಳಲಿಲ್ಲ.

ತಿಪಟೂರು ತೆಂಗು
ಇಂಥದ್ದಕ್ಕೇ ಈ ಥ್ರೆಡ್ ಶುರು ಮಾಡಿದ್ದು. ಇಸ್ರೋ ಅಂದರೆ ಬೆಂಗಳೂರು ಅನ್ನುತ್ತೇವೆ, ಅದರ ಮೊದಲ ದೊಡ್ಡ ಪ್ರೇಕ್ಷಕ ವರ್ಗ ರಾಯಚೂರಿನ ಅಂಗಳದಲ್ಲಿ ಕೂತಿತ್ತು. ಇನ್ನೂ ಬರಲಿ.

ರೀಲು ಡಬ್ಬ
ನಮ್ಮ ತಂದೆ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್. ಮಂಡ್ಯ, ಮೈಸೂರು ಕಡೆ ಹಳ್ಳಿಗಳು. ಅದಕ್ಕೇ ಸ್ಲೈಡ್ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ, ಯಾಕಂದರೆ ಲಿರಿಲ್ ಎಲ್ಲ ಪಟ್ಟಣದ ಥಿಯೇಟರಿಗೆ. ಟೆಂಟಿನಲ್ಲಿ ಜಾಹೀರಾತು ಅಂದರೆ ಗಾಜು.

ಸಂಜೆ ವೆಂಕಟೇಶನ ಹಾಡು ಹಾಕಿದರು ಅಂದರೆ ಟಿಕೆಟ್ ಕೊಡಲು ಶುರು ಅಂತ ಊರಿಗೇ ಗೊತ್ತು. ಕತ್ತಲಾಗುತ್ತಿದ್ದ ಹಾಗೆ ಸ್ಲೈಡ್. ಮೊದಲನೆಯದು ‘ಸುಸ್ವಾಗತ’, ಎರಡು ಹಂಸ, ನಡುವೆ ಕಮಲ. ಆಮೇಲೆ ‘ಧೂಮಪಾನ ಮಾಡಬಾರದು’, ಅದನ್ನು ಬೀಡಿ ಹೊಗೆಯ ಮಧ್ಯೆಯೇ ಓದಬೇಕು. ಆಮೇಲೆ ಊರಿನ ಅಂಗಡಿಗಳು. ಬಟ್ಟೆ ಅಂಗಡಿ, ಸೈಕಲ್ ಶಾಪು, ಗೊಬ್ಬರದ ಅಂಗಡಿ, ಫೋಟೋ ಸ್ಟುಡಿಯೋ. ಅಂಗೈ ಅಗಲದ ಗಾಜು. ಬೋರ್ಡು ಬರೆಯುವ ಪೇಂಟರೇ ಸಣ್ಣ ಕುಂಚದಲ್ಲಿ ಬರೆದು, ಮೇಲೆ ಇನ್ನೊಂದು ಗಾಜು ಇಟ್ಟು ಸುತ್ತ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಅಂಗೈ ಅಗಲದಲ್ಲಿ ಅಕ್ಷರ ಒಂದಿಷ್ಟು ಸೊಟ್ಟಗಾದರೂ ಪರದೆ ಮೇಲೆ ಅದು ಆಳೆತ್ತರ ಸೊಟ್ಟ. ಆದ್ದರಿಂದ ಒಳ್ಳೆ ಕೈಯವರಿಗೆ ಬೇಡಿಕೆ ಇತ್ತು.

ಗಾಜನ್ನು ತಲೆಕೆಳಗಾಗಿ ಹಾಕಿದರೆ ಪರದೆಯಲ್ಲಿ ನೆಟ್ಟಗೆ. ತಂದೆ ಊಟಕ್ಕೆ ಹೋದಾಗ ನಾನು ಹಾಕುತ್ತಿದ್ದೆ. ಒಮ್ಮೊಮ್ಮೆ ತಲೆಕೆಳಗೂ ಆಗುತ್ತಿತ್ತು, ಎಡಬಲವೂ ಅದಲುಬದಲು ಆಗುತ್ತಿತ್ತು. ಇಡೀ ಟೆಂಟು ಶಿಳ್ಳೆ ಹೊಡೆಯುತ್ತಿತ್ತು. ಬಟ್ಟೆ ಅಂಗಡಿ ಶೆಟ್ಟರು ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ‘ನೆಟ್ಟಗೆ ಹಾಕಿದ ದಿನ ಯಾರೂ ನೋಡಲ್ಲ ಮಗಾ, ಉಲ್ಟಾ ಹಾಕಿದ ದಿನ ಎಲ್ಲರೂ ನನ್ನ ಹೆಸರು ಓದಿದರು’ ಅಂದರು. ಜಾಹೀರಾತು ಅಂದರೆ ಏನು ಅಂತ ಅವರಿಗೆ ಯಾವ ಏಜೆನ್ಸಿಯೂ ಕಲಿಸಬೇಕಾಗಿರಲಿಲ್ಲ.

ಇನ್ನೊಂದು ಇತ್ತು, ತುರ್ತು ಸ್ಲೈಡ್. ಗಾಜಿಗೆ ಸೀಮೆಎಣ್ಣೆ ಬುಡ್ಡಿಯ ಮಸಿ ಹಿಡಿಸಿ ಇಟ್ಟಿರುತ್ತಿದ್ದರು. ಯಾರದ್ದಾದರೂ ಮನೆಯಿಂದ ಕರೆ ಬಂದರೆ ಕಡ್ಡಿಯಿಂದ ಗೀಚಿ, ‘ಗಾರೆ ಕೆಲಸದ ಇಂಥವರು ಕೂಡಲೇ ಹೊರಗೆ ಬರಬೇಕು’ ಅಂತ ಸಿನಿಮಾ ನಡುವೆಯೇ ಹಾಕುವುದು. ಬಹುತೇಕ ಹೆರಿಗೆ ಅಥವಾ ಸಾವು. ಹೀರೋ ಹಾಡುತ್ತಿರುವಾಗಲೇ ಅವನ ಎದೆ ಮೇಲೆ ಅಕ್ಷರ ಬರುತ್ತಿತ್ತು.

ಹಳೇ ಮರ್ಫಿ
ಎಲ್ಲರೂ ನೋಡಿದ್ದನ್ನೇ ಹೇಳುತ್ತಿದ್ದೀರಿ. 70ರಲ್ಲಿ ನಾವು ಜಾಹೀರಾತನ್ನು ಕೇಳಿದ್ದೇ ಜಾಸ್ತಿ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನ್, ಬಿನಾಕಾ ಗೀತಮಾಲಾ, ಅಮೀನ್ ಸಯಾನಿ. ‘ಬೆಹನೋ ಔರ್ ಭಾಯಿಯೋ’ ಅಂದರೆ ಮನೆಯಲ್ಲಿ ಮಾತು ಬಂದ್. ಹಿಂದಿ ಬಾರದ ನಮ್ಮಜ್ಜಿಗೂ ‘ಪಾಯ್ದಾನ್’ ಅಂದರೆ ಎಷ್ಟನೇ ನಂಬರ್ ಅಂತ ಗೊತ್ತಿತ್ತು. ಶಾರ್ಟ್‌ವೇವ್ ಆದ್ದರಿಂದ ದನಿ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಒಂದನೇ ನಂಬರಿನ ಹಾಡು ಬರುವಾಗಲೇ ಹಾಳಾದ್ದು ಗೊರಗೊರ. ಒಂದು ಟೂತ್‌ಪೇಸ್ಟಿನ ಹೆಸರನ್ನು ಕಾರ್ಯಕ್ರಮದ ಹೆಸರಿಗೇ ಕಟ್ಟಿದ್ದರು ನೋಡಿ, ಜಾಹೀರಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಗೊತ್ತೇ ಆಗುತ್ತಿರಲಿಲ್ಲ.

ಇದಕ್ಕೆ ಕಾರಣ ನಮ್ಮ ಸರ್ಕಾರವೇ. 1952ರ ಹೊತ್ತಿಗೆ ಮಂತ್ರಿ ಕೇಸ್ಕರ್ ಅವರು ಆಕಾಶವಾಣಿಯಿಂದ ಸಿನಿಮಾ ಹಾಡನ್ನು ಹೊರಗಿಟ್ಟರು. ಜನ ಮುಳ್ಳನ್ನು ಕೊಲಂಬೋ ಕಡೆ ತಿರುಗಿಸಿದರು. ಕಂಪನಿಗಳೂ ಹಿಂದೆಯೇ ಹೋದವು. 1957ರಲ್ಲಿ ವಿವಿಧ ಭಾರತಿ ತಂದರು, ಅದರಲ್ಲಿ ಜಾಹೀರಾತಿಗೆ ಅವಕಾಶ ಕೊಟ್ಟಿದ್ದು 1967ರ ನವೆಂಬರ್‌ನಲ್ಲಿ, ಬೊಂಬಾಯಿ ಕಡೆಯಿಂದ ಶುರು ಮಾಡಿ. ನಮ್ಮ ಬೆಂಗಳೂರು ವಿವಿಧ ಭಾರತಿಯಲ್ಲಿ ಕನ್ನಡ ಜಾಹೀರಾತು ಕೇಳಿದ್ದು ಅದಾದ ಮೇಲೆ. ಆ ಕನ್ನಡವೋ, ಬೊಂಬಾಯಿಯಲ್ಲಿ ಕೂತು ರಾಗಕ್ಕೆ ಅಕ್ಷರ ತುರುಕಿದ ಹಾಗೆ. ಆದರೂ ಬಾಯಿಪಾಠ.

ಬಿನಾಕಾ ಪೆಟ್ಟಿಗೆಯಲ್ಲಿ ಸಣ್ಣ ಪ್ಲಾಸ್ಟಿಕ್ ಪ್ರಾಣಿ ಬರುತ್ತಿತ್ತು, ನೆನಪಿದೆಯಾ?

ನಂಜನಗೂಡು ಮಗಳು
ಬಿನಾಕಾ ನಿಮ್ಮಂಥ ದೊಡ್ಡವರಿಗೆ ಅಣ್ಣ. ನಮ್ಮದು ನಂಜನಗೂಡು ಹಲ್ಲುಪುಡಿ. ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ಪುಡಿ, ಅಂಗೈಗೆ ಹಾಕಿಕೊಂಡು ಬೆರಳಲ್ಲಿ ಉಜ್ಜಿ ಅರ್ಧ ನುಂಗೋದು. ಅದಕ್ಕೆ ಟಿವಿ ಯಾಕೆ ಬೇಕು, ಬಾಯಿಂದ ಬಾಯಿಗೇ ಹೋಗಿತ್ತು.

ಗೋಡೆ ಬರಹ ಯಾರೂ ಹೇಳಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಕೂತರೆ ಊರೂರಿನ ಗೋಡೆ ಮೇಲೆ ಗಣೇಶ ಬೀಡಿ, 501 ಬಾರ್ ಸೋಪ್, ಕುಟುಂಬ ಯೋಜನೆಯ ಕೆಂಪು ತ್ರಿಕೋನ. ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಅಂತ ನಾನು ಜೋರಾಗಿ ಓದಿದರೆ ಪಕ್ಕದಲ್ಲಿದ್ದ ಅಮ್ಮ ಚಿವುಟುತ್ತಿದ್ದರು. ನಾವು ಐದು ಜನ ಮಕ್ಕಳು.

ದಾವಣಗೆರೆ ಬೆಣ್ಣೆ
ಏನೇ ಹೇಳಿ, ಆಗಿನ ಜಾಹೀರಾತಿನಲ್ಲಿ ಒಂದು ಮರ್ಯಾದೆ ಇತ್ತು. ಮನೆಮಂದಿಯೆಲ್ಲ ಕೂತು ನೋಡಬಹುದಿತ್ತು. ಸುಳ್ಳೂ ಕಮ್ಮಿ.

ಸಾಗರದ ಸೊಸೆ
ಬೆಣ್ಣೆ ಸರ್, ಮೇಲೆ ಗಿರಾಕಿ ಅವರು ಬರೆದ ಲಿರಿಲ್ ಕಥೆ ಓದಲಿಲ್ವಾ? ಮನೆಮಂದಿಯೆಲ್ಲ ಕೂತೇ ನೋಡಿದ್ದು, ಆದರೆ ಎಲ್ಲರೂ ಬೇರೆ ಬೇರೆ ಕಡೆ ಮುಖ ಮಾಡಿಕೊಂಡು. ಫೇರ್ ಅಂಡ್ ಲವ್ಲಿ ಬಂದಿದ್ದೂ 1975ರಲ್ಲೇ. ಕಪ್ಪಗಿದ್ದರೆ ಗಂಡು ಸಿಗಲ್ಲ ಅನ್ನೋ ಭಯವನ್ನು ಟ್ಯೂಬಿನಲ್ಲಿ ತುಂಬಿ ಮಾರಿದರು. ನಮ್ಮ ಮನೆಯಲ್ಲಿ ನಾನೇ ಕಪ್ಪು, ಅತ್ತೆ ಒಬ್ಬರು ತಂದುಕೊಟ್ಟೂ ಇದ್ದರು. ವಾರಪತ್ರಿಕೆಯ ಹಿಂದಿನ ಪುಟದಲ್ಲಿ ಬಣ್ಣಬಣ್ಣದ ಸಿಗರೇಟು ಇರುತ್ತಿತ್ತು, ನಮ್ಮಣ್ಣ ಆ ಪುಟ ಕತ್ತರಿಸಿ ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದ, ಆಮೇಲೆ ಸೇದೋಕೂ ಶುರು ಮಾಡಿದ.

ತುರ್ತುಪರಿಸ್ಥಿತಿಯದ್ದು ಬಿಟ್ಟೇಬಿಟ್ಟಿರಿ. ಆಗ ಎಲ್ಲಕ್ಕಿಂತ ದೊಡ್ಡ ಜಾಹೀರಾತುದಾರ ಸರ್ಕಾರ. ‘ಮಾತು ಕಡಿಮೆ, ಹೆಚ್ಚು ದುಡಿಮೆ’, ಇಪ್ಪತ್ತು ಅಂಶಗಳ ಕಾರ್ಯಕ್ರಮ, ಬಸ್ಸಿನ ಮೇಲೆ, ಗೋಡೆ ಮೇಲೆ, ರೇಡಿಯೋದಲ್ಲಿ. ಕುಟುಂಬ ಯೋಜನೆಯ ಆ ಕೆಂಪು ತ್ರಿಕೋನ ಈಗ ಮುದ್ದಾಗಿ ಕಾಣಬಹುದು. ಆ ಎರಡು ವರ್ಷ ಸಂತಾನಹರಣ ಆಪರೇಷನ್ ಕ್ಯಾಂಪು ಅಂದರೆ ಹಳ್ಳಿಯ ಗಂಡಸರು ತೋಟದ ಕಡೆ ಓಡುತ್ತಿದ್ದರು.

ದಾವಣಗೆರೆ ಬೆಣ್ಣೆ
ಅಕ್ಕ, ನಾನು ಹೇಳಿದ್ದು ಹಾಡಿನ ಬಗ್ಗೆ. ಈಗ ಒಂದಾದರೂ ಜಾಹೀರಾತಿನ ರಾಗ ಬಾಯಿಗೆ ಬರುತ್ತಾ?

ಸಾಗರದ ಸೊಸೆ
ಅದನ್ನು ಒಪ್ಪುತ್ತೇನೆ. ಆಗ ಇದ್ದ ರಾಗಗಳೇ ಹತ್ತು ಹನ್ನೆರಡು, ದಿನಾ ಅವೇ. ನನ್ನ ಮಗನ ಫೋನಿನಲ್ಲಿ ಐದು ಸೆಕೆಂಡಿಗೆ ‘ಸ್ಕಿಪ್’ ಒತ್ತುತ್ತಾನೆ, ರಾಗ ಬಾಯಿಗೆ ಬರೋಕೆ ಪುರುಸೊತ್ತು ಎಲ್ಲಿ.

ಮಂಗ್ಳೂರು ಬಾಟ್ಲಿ
ಕೋಲಾ ವಿಷಯ ಯಾರೂ ಎತ್ತಲಿಲ್ಲ. 1977ರಲ್ಲಿ ಕೋಕಾ-ಕೋಲಾ ದೇಶ ಬಿಟ್ಟು ಹೋಯಿತು. ವಿದೇಶಿ ಕಂಪನಿ ಪಾಲು 40 ಪರ್ಸೆಂಟಿಗೆ ಇಳಿಸಬೇಕು ಅನ್ನೋ ಫೆರಾ ಕಾನೂನು 1973ರದ್ದು, ಅದನ್ನು ಬಿಗಿ ಮಾಡಿದ್ದು ಜನತಾ ಸರ್ಕಾರದ ಕೈಗಾರಿಕಾ ಮಂತ್ರಿ ಜಾರ್ಜ್ ಫರ್ನಾಂಡಿಸ್, ನಮ್ಮ ಮಂಗಳೂರಿನವರು. ಜಾಗ ಖಾಲಿಯಾಯಿತಲ್ಲ, ಸರ್ಕಾರವೇ ಮಾಡರ್ನ್ ಬ್ರೆಡ್‌ನವರ ಕೈಯಲ್ಲಿ ‘77’ ಅಂತ ಒಂದು ಕೋಲಾ ಮಾಡಿಸಿತು. ಚುನಾವಣೆ ಗೆದ್ದ ವರ್ಷವನ್ನೇ ಪಾನೀಯಕ್ಕೆ ಹೆಸರಿಟ್ಟರೆ ಯಾರು ಕುಡಿಯುತ್ತಾರೆ ಹೇಳಿ. ಪಾರ್ಲೆಯವರ ಥಮ್ಸ್ ಅಪ್ ಅದೇ ವರ್ಷ ಬಂದು ಗೆದ್ದಿತು. ನನಗೆ ಇಷ್ಟ ಮಾತ್ರ ಗೋಲ್ಡ್ ಸ್ಪಾಟ್. ಮದುವೆ ಮನೆಯಲ್ಲಿ ಗಂಡಿನ ಕಡೆಯವರಿಗೆ ಮಾತ್ರ ಕೊಡುತ್ತಿದ್ದರು, ನಾವು ಹೆಣ್ಣಿನ ಕಡೆಯಾದರೆ ಖಾಲಿ ಬಾಟ್ಲಿ ಎಣಿಸುವ ಕೆಲಸ.

ಮಾಟುಂಗಾ ಮಾಣಿ
ನಮ್ಮ ಹೋಟೆಲಿಗೆ 77 ಬಂದಿತ್ತು. ಒಂದು ಕ್ರೇಟು ಮಾರಲು ಧಣಿಗಳು ಬಹಳ ಕಷ್ಟಪಟ್ಟರು. ಕೊನೆಗೆ ನಾವೇ ಕುಡಿದೆವು.

ಕಾವ್ಯ ಎಚ್
ನನ್ನ ಪ್ರಶ್ನೆ ಬೇರೆ. ಹಳೇ ಮರ್ಫಿ ಅವರು ಹೇಳಿದ ಬಿನಾಕಾ ಪ್ರಾಣಿಗಳು ಯಾರ ಹತ್ತಿರವಾದರೂ ಇವೆಯಾ? ಮಗಳ ಶಾಲೆಯಲ್ಲಿ ‘ಅಜ್ಜಿ ಕಾಲದ ಆಟಿಕೆ’ ಅಂತ ಪ್ರದರ್ಶನ ಇದೆ, ಎರಡು ದಿನಕ್ಕೆ ಎರವಲು ಕೊಟ್ಟರೆ ಜೋಪಾನವಾಗಿ ತಂದುಕೊಡುತ್ತೇನೆ. ರೀಲು ಡಬ್ಬ ಸರ್, ಗಾಜಿನ ಸ್ಲೈಡ್ ಇದ್ದರೆ ಅದೂ.

ರೀಲು ಡಬ್ಬ
ಸ್ಲೈಡ್ ಒಂದೂ ಉಳಿದಿಲ್ಲಮ್ಮ. ಹಳೆಯದರ ಬರಹ ತಿನ್ನರ್‌ನಲ್ಲಿ ಒರೆಸಿ ಅದೇ ಗಾಜಿನ ಮೇಲೆ ಹೊಸದು ಬರೆಯುತ್ತಿದ್ದರು. ಕೊನೆಗೆ ಉಳಿದವನ್ನು ಅಮ್ಮ ದೇವರ ಫೋಟೋಗೆ ಹಾಕಿಸಿದರು.

ಹಳೇ ಮರ್ಫಿ
ಪ್ರಾಣಿಗಳು ಇವೆ. ಆನೆ ಎರಡು, ಒಂಟೆ, ಮೊಲ, ಬಾತುಕೋಳಿ, ಕಿವಿ ಮುರಿದ ನಾಯಿ. ಬೆಂಗಳೂರಾದರೆ ರಾಜಾಜಿನಗರಕ್ಕೆ ಬಂದು ತೆಗೆದುಕೊಂಡು ಹೋಗಿ, ಆದರೆ ನಾಯಿ ಕೊಡಲ್ಲ.

ನಂಜನಗೂಡು ಮಗಳು
ಎರಡು ಆನೆ ಯಾಕಣ್ಣ ನಿಮಗೆ? ನನ್ನ ಹತ್ತಿರ ಜಿರಾಫೆ ಇದೆ, ಬದಲಾಯಿಸಿಕೊಳ್ಳುತ್ತೀರಾ?

ಹಳೇ ಮರ್ಫಿ
ಹಲ್ಲುಪುಡಿ ಮನೆಯವರ ಹತ್ತಿರ ಬಿನಾಕಾ ಜಿರಾಫೆ ಹೇಗೆ ಬಂತು, ಅದನ್ನು ಮೊದಲು ಹೇಳಿ.

ನಂಜನಗೂಡು ಮಗಳು
ಪಕ್ಕದ ಮನೆ ಹುಡುಗನ ಜೊತೆ ಗೋಲಿ ಆಟದಲ್ಲಿ ಗೆದ್ದಿದ್ದು. ಫೋಟೋ ಹಾಕುತ್ತೇನೆ ಇರಿ, ಕತ್ತು ನೆಟ್ಟಗಿದೆ. ಸೊಂಡಿಲು ಮೇಲೆತ್ತಿರುವ ಆನೆಯಾದರೆ ಮಾತ್ರ ಕೊಡ್ತೀನಿ.